ಹಿತ್ತಿಲ ವಿಚಾರ: ಉದುರಿದ ಬೇವಿನ ಹಣ್ಣು

ಯುಗಾದಿಯ ದಿನ ಬೆಲ್ಲದೊಡನೆ ನಾವು ಬಾಯಿಗಿಟ್ಟುಕೊಂಡ ಬೇವಿನ ಹೂವು ಮರದಲ್ಲಿಯೇ ಉಳಿದಿದ್ದರೆ ಏನಾಗುತ್ತಿತ್ತೆಂಬುದನ್ನು ತಿಳಿಯಬೇಕಾದರೆ, ಜ್ಯೇಷ್ಠ ಆಷಾಢ ಮಾಸಗಳಲ್ಲಿ ಮರದ ಬುಡಕ್ಕೆ ಹೋಗಿ ನೋಡಬೇಕು. ಹಳದಿ ಬಣ್ಣದ ಹಣ್ಣುಗಳು ಹಗಲೆನ್ನದೆ ಇರುಳೆನ್ನದೆ ಉದುರುತ್ತಿರುವುವು. ಬೆಳಿಗ್ಗೆ ಗುಡಿಸಿ ನೀರು ಚಿಮುಕಿಸಿ ರಂಗವಲ್ಲಿಯಿಟ್ಟ ಅಂಗಳವು ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಣ್ಣುಗಳಿಂದ ತುಂಬಿಹೋಗುವುದು. ಕಾಲಿಗೆ ಸಿಕ್ಕಿದ ಹಣ್ಣು ಜಜ್ಜಿ ಲೋಳೆಯಾಗುವುದು; ಲೋಳೆಯ ಮೇಲೆ ನೊಣ ಮುತ್ತುವುದು; ಅದರ ಮೇಲೆ ಒಂದು ಮಳೆ ಬಿದ್ದರೆ ಹುಳಿನಾತ ಹೊರಡುವುದು. ಇದನ್ನೆಲ್ಲ ದಿನವೂ ಬಳಿದು ಬೇಸತ್ತ ಗೃಹಿಣಿಯು ಮರವನ್ನು ಬೈದರೆ ಆಕೆಯನ್ನು ಆಕ್ಷೇಪಿಸುವಂತಿಲ್ಲ.

ಮರ ಕಡಿಸುವ ಮಾತು ಹುಟ್ಟುವುದೂ ಈ ಕಾಲದಲ್ಲಿಯೇ. ಮನೆಯ ಹಿರಿಯರೊಬ್ಬರು ನಸುಕಿನಲ್ಲಿ ಹಿತ್ತಿಲಿಗೆ ಹೋಗುವಾಗ ಜಾರಿದರೆಂದರೆ, ಅಥವಾ ತಾರಸಿಯ ನೀರು ಹೋಗುವ ಕಂಡಿಯಲ್ಲಿ ಹಣ್ಣೂ ಎಲೆಯೂ ಸೇರಿ ನೀರು ನಿಂತು ಗೋಡೆ ನೆನೆಯಿತೆಂದರೆ, ಆಮೇಲೆ ಯಜಮಾನರು ಮರದ ಕಡೆ ನೋಡುವ ನೋಟವೇ ಬೇರೆಯಾಗುವುದು. ವರ್ಷವೆಲ್ಲ ಕೊಟ್ಟ ನೆರಳಿನ ಉಪಕಾರವು ಐದಾರು ವಾರಗಳ ಉಪದ್ರವದ ಮುಂದೆ ಮರೆತುಹೋಗುವುದು. ಉಪದ್ರವವೇನೋ ನಿಜವೇ. ಆದರೆ ಇದರಲ್ಲಿ ಒಂದು ವಿಶೇಷವನ್ನು ಗೃಹಸ್ಥರು ಗಮನಿಸಬೇಕು. ನೆಲಕ್ಕೆ ಬಿದ್ದ ಬೇವಿನ ಹಣ್ಣು ಒಂದೆರಡು ದಿನಗಳವರೆಗೆ ಪದಾರ್ಥವಾಗಿರುವುದು. ಆ ಅವಧಿ ಕಳೆದ ಮೇಲೆ ಕಸವಾಗುವುದು. ಆ ಒಂದೆರಡು ದಿನಗಳೊಳಗೆ ಎತ್ತಿಟ್ಟುಕೊಂಡವರಿಗೆ ಅಂಗಳ ಶುಭ್ರವಾಗಿರುವುದಲ್ಲದೆ, ವರ್ಷವೆಲ್ಲ ಹೂವಿನ ಗಿಡಗಳಿಗೂ ತರಕಾರಿಯ ಮಡಿಗಳಿಗೂ ಬೇಕಾದ ಔಷಧವೂ ಗೊಬ್ಬರವೂ ಕಾಸಿನ ಖರ್ಚಿಲ್ಲದೆ ಒದಗುವುವು. ಈ ತಿಂಗಳು ಇದರ ಕ್ರಮವನ್ನೇ ವಿವರಿಸಬೇಕೆಂದು ಎಣಿಸಿದ್ದೇವೆ.

ಮೊದಲು ಹಣ್ಣಿನ ಸ್ವರೂಪವನ್ನು ತಿಳಿದುಕೊಳ್ಳೋಣ. ಬೇವಿನ ಹಣ್ಣು ಒಂದರಿಂದ ಎರಡು ಸೆಂಟಿಮೀಟರು ಉದ್ದವಿರುವುದು. ಹೊರಗೆ ತೆಳುವಾದ ಸಿಪ್ಪೆ. ಅದರೊಳಗೆ ಸ್ವಲ್ಪ ಸಿಹಿಯೂ ಸ್ವಲ್ಪ ಕಹಿಯೂ ಆದ ಲೋಳೆ. ಅದರೊಳಗೆ ಬಿಳಿಯ ಗಟ್ಟಿಯಾದ ಓಟೆ. ಓಟೆಯೊಳಗೆ ಕಂದುಬಣ್ಣದ ಪೊರೆಯನ್ನು ಹೊದ್ದ ಎಣ್ಣೆಯ ತಿರುಳು. ಸಿಪ್ಪೆ ಮತ್ತು ಲೋಳೆ ಪಕ್ಷಿಗಳ ಪಾಲು. ಕೊಳೆಯುವುದೂ ನಾರುವುದೂ ನೊಣವನ್ನು ಕರೆಯುವುದೂ ಇವೆರಡೇ. ಮರದ ಸತ್ತ್ವವೆಲ್ಲ ಇರುವುದು ತಿರುಳಿನಲ್ಲಿ. ಅದರ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ೪೦ ಪಾಲು ಎಣ್ಣೆಯೇ ಇರುವುದುಂಟು. ಬೇವಿನ ಸಸಿಯು ಮೂರರಿಂದ ಐದು ವರ್ಷದೊಳಗೆ ಫಲ ಬಿಡಲಾರಂಭಿಸಿ, ಹತ್ತು ವರ್ಷದ ಹೊತ್ತಿಗೆ ಪೂರ್ಣಫಲಕ್ಕೆ ಬರುವುದು. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ೫೦ ಕಿಲೋಗ್ರಾಮಿನವರೆಗೂ ಹಣ್ಣು ಕೊಡಬಲ್ಲುದು. ಇಷ್ಟು ಹಣ್ಣು ಅಂಗಳದಲ್ಲಿಯೇ ಕೊಳೆತರೆ ನಾತ ಬಾರದೆ ಇನ್ನೇನಾದೀತು?

ಈ ಗೋಳು ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡು ಅಮೆರಿಕ ಮೊದಲಾದ ಶೀತದೇಶಗಳಲ್ಲಿ ಮನೆಯ ಮುಂದೆ ಓಕ್ ಮರವುಳ್ಳವರು ಶರತ್ಕಾಲದಲ್ಲಿ ಅದರ ಕಾಯಿಗಳನ್ನು ಗುಡಿಸಿ ಗುಡಿಸಿ ಸೋಲುವರು. ಕೆಲವು ವರ್ಷಗಳಲ್ಲಿ ಆ ಮರಗಳು ಎಲ್ಲವೂ ಮಾತಾಡಿಕೊಂಡಂತೆ ಒಟ್ಟಿಗೆ ವಿಪರೀತವಾಗಿ ಫಲ ಬಿಡುವುವು. ಆಗ ಹುಲ್ಲುಹಾಸೆಲ್ಲ ಕಾಯಿಯಿಂದ ಮುಚ್ಚಿಹೋಗುವುದು. ಅಳಿಲುಗಳು ಅವನ್ನು ಹೊತ್ತೊಯ್ದು ಚಳಿಗಾಲಕ್ಕೆಂದು ನೆಲದಲ್ಲಿ ಹುಗಿದಿಡುವುವು. ಅವು ಮರೆತ ಕಾಯಿಗಳು ಮೊಳೆತು ಸಸಿಯಾಗುವುವು. ಓಕ್ ಕಾಯಿಯೂ ನಮ್ಮ ಬೇವಿನ ಬೀಜವೂ ಒಂದು ಗುಣದಲ್ಲಿ ಸಮಾನ. ಎರಡನ್ನೂ ರಾಗಿ ಜೋಳಗಳಂತೆ ಒಣಗಿಸಿ ವರ್ಷಗಟ್ಟಲೆ ಬಿತ್ತನೆಗೆ ಇಟ್ಟುಕೊಳ್ಳಲಾಗುವುದಿಲ್ಲ. ಬಿತ್ತುವುದಾದರೆ ಉದುರಿದ ಕಾಲದಲ್ಲಿಯೇ ಬಿತ್ತತಕ್ಕದ್ದು. ಆದುದರಿಂದ ಎರಡು ದೇಶದ ಗೃಹಿಣಿಯರಿಗೂ ಹೇಳತಕ್ಕ ಮೊದಲನೆಯ ಮಾತು ಒಂದೇ: ನಾಳೆಗೆ ನಿಲ್ಲಿಸಬೇಡಿರಿ.

ಇನ್ನು ಕೆಲಸದ ಕ್ರಮ. ಹಣ್ಣು ಉದುರಲಾರಂಭಿಸುವುದಕ್ಕೆ ಮೊದಲೇ ಮರದ ಕೆಳಗಣ ನೆಲವನ್ನು ಹುಲ್ಲು ಕಸ ತೆಗೆದು ಸಮಮಾಡಿಸಿರಿ. ನಾಲ್ಕಾರು ಹಳೆಯ ಸೀರೆಗಳನ್ನೋ ಗೋಣಿತಾಟುಗಳನ್ನೋ ಸೇರಿಸಿ ಹೊಲಿದು ಸಂಜೆ ಮರದ ಕೆಳಗೆ ಹಾಸಿದರೆ, ಬೆಳಿಗ್ಗೆ ನಾಲ್ಕು ಮೂಲೆ ಹಿಡಿದೆತ್ತಿದಲ್ಲಿಗೆ ಅರ್ಧ ಕೆಲಸ ಮುಗಿಯುವುದು. ಮಣ್ಣು ತಾಗದ ಹಣ್ಣಿಗೆ ಬೂಷ್ಟು ಹಿಡಿಯುವುದು ಕಡಿಮೆ. ಹಾಸಲು ಅನುಕೂಲವಿಲ್ಲದವರು ದಿನಕ್ಕೊಂದು ಬಾರಿ, ಬಿಸಿಲೇರುವ ಮುಂಚೆ, ಮೆದುವಾದ ಪೊರಕೆಯಿಂದ ಒಟ್ಟುಮಾಡಬೇಕು. ಜನ ನಡೆಯುವ ದಾರಿಯನ್ನು ಮೊದಲು ಗುಡಿಸುವುದು, ಮರದ ಬುಡವನ್ನು ಆಮೇಲೆ. ಹಾಸುಗಲ್ಲು ಹಾಕಿದ ದಾರಿಯಲ್ಲಿ ಲೋಳೆ ಅಂಟಿದ್ದರೆ ಒಣ ಬೂದಿಯನ್ನೋ ಮರಳನ್ನೋ ಎರಚಿ ಉಜ್ಜಿ ಗುಡಿಸಿದರೆ ಜಾರುವುದಿಲ್ಲ. ಬರಿಯ ನೀರು ಸುರಿದರೆ ಲೋಳೆ ಇನ್ನಷ್ಟು ಹರಡುವುದೇ ಹೊರತು ಹೋಗುವುದಿಲ್ಲ.

ತಾರಸಿಯುಳ್ಳ ಮನೆಯವರು ಮತ್ತೊಂದನ್ನು ಮರೆಯಬಾರದು. ಮುಂಗಾರು ಮಳೆಯೂ ಬೇವಿನ ಹಣ್ಣೂ ಒಂದೇ ಕಾಲದಲ್ಲಿ ಬೀಳುವುದರಿಂದ, ನೀರು ಹೋಗುವ ಕಂಡಿಗೆ ಬಲೆಯ ಮುಚ್ಚಳವನ್ನು ಹಾಕಿಸಿ, ಎರಡು ದಿನಕ್ಕೊಮ್ಮೆ ಮೇಲೆ ಹತ್ತಿ ಬಳಿಯತಕ್ಕದ್ದು. ಮಳೆಯ ನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳುವವರಿಗಂತೂ ಇದು ಅತ್ಯವಶ್ಯ.

ಹೀಗೆ ಒಟ್ಟುಮಾಡಿದುದನ್ನು ಮೊರದಲ್ಲಿ ಹರಡಿ ಆರಿಸಬೇಕು. ಹಳದಿಗೆ ತಿರುಗಿ ಹೊಸದಾಗಿ ಬಿದ್ದ ಹಣ್ಣು ಒಂದು ಭಾಗ. ಪಕ್ಷಿಗಳು ಲೋಳೆ ತಿಂದು ಬಿಟ್ಟ ಬಿಳಿಯ ಓಟೆ ಎರಡನೆಯ ಭಾಗ. ಎಳೆಗಾಯಿ, ಕಪ್ಪಾದ ಹಣ್ಣು, ಬೂಷ್ಟು ಹಿಡಿದದ್ದು, ಎಲೆ, ಕಡ್ಡಿ ಇವೆಲ್ಲ ಮೂರನೆಯ ಭಾಗ. ಮೂರನೆಯದು ನೇರವಾಗಿ ಗೊಬ್ಬರದ ಗುಂಡಿಗೆ ಹೋಗಲಿ. ಎರಡನೆಯದನ್ನು ತೊಳೆದು ಒಣಗಿಸಿದರೆ ಸಾಕು. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ದುಡಿಮೆ ಬೇಕು.

ಹಣ್ಣುಗಳನ್ನು ಹಳೆಯ ಬಕೆಟ್ಟಿನಲ್ಲಿ ನೀರು ಹಾಕಿ ಒಂದು ರಾತ್ರಿ ನೆನೆಯಿಸಿರಿ. ಮರುದಿನ ಬೆಳಿಗ್ಗೆ ಒರಟಾದ ಗೋಣಿಯ ಮೇಲೆ ಹಾಕಿ, ಸ್ವಲ್ಪ ಮರಳು ಬೆರಸಿ, ಅಂಗೈಯಿಂದ ಉಜ್ಜಿದರೆ ಸಿಪ್ಪೆ ಲೋಳೆಗಳು ಬಿಟ್ಟು ಓಟೆ ಉಳಿಯುವುದು. ಎರಡು ಮೂರು ನೀರಿನಲ್ಲಿ ತೊಳೆಯುವಾಗ ಮೇಲೆ ತೇಲುವ ಜೊಳ್ಳನ್ನು ಸಿಪ್ಪೆಯೊಡನೆ ಚೆಲ್ಲಿರಿ. ತಳಕ್ಕೆ ಕೂತದ್ದೇ ಗಟ್ಟಿ ಬೀಜ. ತೊಳೆದ ನೀರನ್ನು ಮೋರಿಗೆ ಬಿಡದೆ ಗೊಬ್ಬರದ ಗುಂಡಿಗೆ ಹಾಕುವುದು ಲೇಸು; ಮೋರಿಯಲ್ಲಿ ಲೋಳೆ ನಿಂತರೆ ಅಲ್ಲಿಯೇ ನೊಣ ಹುಟ್ಟುವುದು. ಈ ಕೆಲಸ ಮಾಡಿದ ಕೈಗೆ ಕಹಿ ಬಹಳ ಹೊತ್ತು ಇರುವುದರಿಂದ ಅಡಿಗೆಗೆ ಮೊದಲು ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು. ಇಲ್ಲವಾದರೆ ಆ ದಿನದ ಚಪಾತಿಗೂ ಯುಗಾದಿಯ ರುಚಿ ಬಂದೀತು!

ಒಣಗಿಸುವುದರಲ್ಲಿ ಹಲವರು ಆತುರಪಡುವರು. ಸುಡುವ ಬಿಸಿಲಿನಲ್ಲಿ ದಿನಗಟ್ಟಲೆ ಹಾಕಿದ ಬೀಜದ ಸತ್ತ್ವ ಕುಂದುವುದು. ಬೇವಿನಲ್ಲಿ ಹುಳುಗಳನ್ನು ತಡೆಯುವ ಮುಖ್ಯವಸ್ತುವಿಗೆ ಬಿಸಿಲು ಸಹಿಸುವುದಿಲ್ಲ. ತೊಳೆದ ದಿನ ಎಳೆಬಿಸಿಲಿನಲ್ಲಿ ನೀರಾರಿಸಿ, ಆಮೇಲೆ ಗಾಳಿಯಾಡುವ ಜಗಲಿಯಲ್ಲಿ ಚಾಪೆಯ ಮೇಲೆ ತೆಳುವಾಗಿ ಹರಡಿ, ದಿನಕ್ಕೆರಡು ಬಾರಿ ಕೈಯಾಡಿಸುತ್ತ ನೆರಳಿನಲ್ಲಿ ಒಣಗಿಸಬೇಕು. ಬೀಜವನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ತಿರುಳು ಸಡಿಲವಾಗಿ ಸದ್ದುಮಾಡಿದರೆ ಒಣಗಿತೆಂದು ತಿಳಿಯಬಹುದು. ಮೋಡ ಮುಸುಕಿದ ದಿನಗಳಲ್ಲಿ ಇದಕ್ಕೆ ವಾರಕ್ಕೂ ಹೆಚ್ಚು ಹಿಡಿಯುವುದು, ತಾಳ್ಮೆಯಿಂದಿರಬೇಕು.

ಒಣಗಿದ ಬೀಜವನ್ನು ಬಟ್ಟೆಯ ಚೀಲದಲ್ಲಿಯೋ ಗೋಣಿಯಲ್ಲಿಯೋ ತುಂಬಿ ನೆಲಕ್ಕೆ ತಾಗದಂತೆ ತೂಗುಹಾಕಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಬೂಷ್ಟು ಬರುವುದು ಖಂಡಿತ. ಈ ಬೂಷ್ಟನ್ನು ಅಲಕ್ಷ್ಯಮಾಡುವಂತಿಲ್ಲ. ಹಸಿಯಾದ ನೆಲಗಡಲೆಯಲ್ಲಿ ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವ ಬೂಷ್ಟೇ ಸರಿಯಾಗಿ ಒಣಗದ ಬೇವಿನ ಬೀಜದಲ್ಲಿಯೂ ಬೆಳೆಯುವುದುಂಟು. ಕಪ್ಪಾಗಿ ಮುಗ್ಗುಲು ನಾತ ಬಂದ ಬೀಜವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಮಣ್ಣಿನಲ್ಲಿ ಹೂಳಿಬಿಡಿರಿ. ಚೀಲದ ಮೇಲೆ ವರ್ಷವನ್ನು ಬರೆದಿಡುವುದು ಒಳ್ಳೆಯದು. ಹೊಸ ಬೀಜ ಬಂದ ಮೇಲೆ ಹಳೆಯದನ್ನು ಔಷಧಕ್ಕೆ ಬಳಸದೆ ಗಿಡಗಳ ಬುಡಕ್ಕೆ ಹಾಕಿಬಿಡಬೇಕು.

ಸಸಿ ಮಾಡಬೇಕೆಂಬ ಅಪೇಕ್ಷೆಯುಳ್ಳವರು ಒಣಗಿಸುವ ಗೊಡವೆಗೇ ಹೋಗಬಾರದು. ಎರಡು ಮೂರು ವಾರ ಕಳೆಯುವುದರೊಳಗೆ ಬೇವಿನ ಬೀಜದ ಮೊಳೆಯುವ ಶಕ್ತಿ ಬಹಳವಾಗಿ ಕುಗ್ಗಿಹೋಗುವುದು. ಲೋಳೆ ತೆಗೆದು ತೊಳೆದ ಬೀಜವನ್ನು ಆ ವಾರದಲ್ಲಿಯೇ, ಮಣ್ಣು ಮರಳು ಗೊಬ್ಬರ ಬೆರಸಿದ ಕುಂಡದಲ್ಲಿ ಒಂದು ಸೆಂಟಿಮೀಟರು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮುಚ್ಚಿರಿ. ಒಂದರಿಂದ ಮೂರು ವಾರಗಳೊಳಗೆ ಮೊಳಕೆ ಬರುವುದು. ಮುಂದಿನ ಮುಂಗಾರಿಗೆ ಅದನ್ನು ನೆಲಕ್ಕೆ ನೆಡಬಹುದು. ಗೋಡೆ, ಬಾವಿ, ನೀರಿನ ತೊಟ್ಟಿ, ಮೋರಿ ಇವುಗಳಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿರಲಿ. ನಡೆದಾಡುವ ದಾರಿಯ ಮೇಲೆ ಕೊಂಬೆ ಚಾಚದಂತೆ ಜಾಗವನ್ನು ಆರಿಸಿದರೆ ಮುಂದಿನವರು ಈ ಲೇಖನವನ್ನು ಓದುವ ಶ್ರಮ ತಪ್ಪುವುದು. ತಾವಾಗಿಯೇ ಹುಟ್ಟಿದ ಸಸಿಗಳನ್ನು ಗೋಡೆಯ ಬಿರುಕಿನಲ್ಲಿಯೂ ಮೋರಿಯ ಅಂಚಿನಲ್ಲಿಯೂ ಕಂಡಕೂಡಲೆ ಕಿತ್ತುಹಾಕಿರಿ. ಎರಡೆಲೆಯ ಸಸಿ ಎರಡು ಬೆರಳಿಗೆ ಬರುವುದು. ಎರಡು ವರ್ಷದ ಸಸಿಗೆ ಗುದ್ದಲಿಯೂ ಗಾರೆಯವನೂ ಬೇಕಾಗುವರು.

ಈಗ ಬೀಜದ ಮುಖ್ಯ ಪ್ರಯೋಜನಕ್ಕೆ ಬರೋಣ. ದಾಸವಾಳದ ಚಿಗುರಿಗೆ ಹೇನು, ಬದನೆಯ ಎಲೆಗೆ ಹುಳು, ಬೆಂಡೆಗೆ ಬಿಳಿನೊಣ ಬಂದಾಗ ಸಿಂಪಡಿಸತಕ್ಕ ಕಷಾಯವನ್ನು ಮನೆಯಲ್ಲಿಯೇ ಹೀಗೆ ಮಾಡಿಕೊಳ್ಳಬಹುದು. ಒಣಗಿದ ಬೀಜವನ್ನು ಮೆಲ್ಲನೆ ಕುಟ್ಟಿ, ಮೊರದಲ್ಲಿ ಕೇರಿ, ಓಟೆಯನ್ನು ಹಾರಿಸಿ ತಿರುಳನ್ನು ತೆಗೆಯಿರಿ. ೫೦ ಗ್ರಾಂ ತಿರುಳನ್ನು ತರಿತರಿಯಾಗಿ ಪುಡಿಮಾಡಿ, ತೆಳುವಾದ ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ, ಅರ್ಧ ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡಿರಿ. ಬೆಳಿಗ್ಗೆ ಗಂಟನ್ನು ಮತ್ತೆ ಮತ್ತೆ ಅದ್ದಿ ಹಿಂಡಿದರೆ ನೀರು ಹಾಲಿನಂತಾಗುವುದು. ಅದನ್ನು ಸೋಸಿ, ಒಟ್ಟು ಒಂದು ಲೀಟರಾಗುವಂತೆ ನೀರು ಸೇರಿಸಿ, ಎಲೆಗೆ ಅಂಟಿಕೊಳ್ಳುವುದಕ್ಕಾಗಿ ಚಿಟಿಕೆಯಷ್ಟು ಸಾಬೂನಿನ ಚೂರನ್ನು ಕರಗಿಸಿರಿ. ಇದೇ ನೂರಕ್ಕೆ ಐದರ ಕಷಾಯ. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ರೈತರಿಗೆ ಹೇಳಿಕೊಡುವ ಪ್ರಮಾಣವೂ ಇದೇ. ಕುಟ್ಟುವುದಕ್ಕೆ ಹಳೆಯ ಒರಳೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿರಿ. ಅಡಿಗೆಯ ಒರಳಿಗಾಗಲಿ ಮಿಕ್ಸಿಗಾಗಲಿ ಇದನ್ನು ಹಾಕಕೂಡದು.

ಕಷಾಯವನ್ನು ಮಾಡಿದ ದಿನವೇ ಮುಗಿಸಬೇಕು. ಸಿಂಪಡಿಸುವುದು ಸಾಯಂಕಾಲ, ಬಿಸಿಲು ಇಳಿದ ಮೇಲೆ. ಆಗ ಸತ್ತ್ವವೂ ಕೆಡುವುದಿಲ್ಲ, ಹೂವಿಗೆ ಬರುವ ಜೇನುನೊಣಗಳಿಗೂ ತೊಂದರೆಯಿಲ್ಲ. ಎಲೆಯ ಮೇಲ್ಭಾಗದಂತೆಯೇ ಕೆಳಭಾಗಕ್ಕೂ ತಾಗಬೇಕು, ಏಕೆಂದರೆ ಹುಳುಗಳು ಅಡಗುವುದು ಅಲ್ಲಿಯೇ. ಎಳೆಯ ಗಿಡವಾದರೆ ಮೊದಲು ಒಂದೆರಡು ಎಲೆಗೆ ಹಾಕಿ, ಮರುದಿನ ಎಲೆ ಸುಡದೆ ಇದ್ದರೆ ಇಡೀ ಗಿಡಕ್ಕೆ ಹಾಕಿರಿ. ವಾರಕ್ಕೋ ಹತ್ತು ದಿನಕ್ಕೋ ಮತ್ತೊಮ್ಮೆ ಸಿಂಪಡಿಸುವುದು. ಮಧ್ಯೆ ಮಳೆ ಬಂದು ತೊಳೆದುಹೋದರೆ ಪುನಃ ಹಾಕತಕ್ಕದ್ದು. ತರಕಾರಿಯನ್ನು ಕೊಯ್ದ ಮೇಲೆ ಚೆನ್ನಾಗಿ ತೊಳೆದು ಅಡಿಗೆಗೆ ಉಪಯೋಗಿಸಿರಿ.

ಸಿಂಪಡಿಸಿದ ಮರುದಿನ ಹುಳುಗಳು ಸತ್ತು ಬೀಳಲಿಲ್ಲವೆಂದು ನಿರಾಶರಾಗುವವರುಂಟು. ಬೇವಿನ ಕೆಲಸದ ರೀತಿಯೇ ಬೇರೆ. ಅದು ಹುಳುವಿಗೆ ಆಹಾರವನ್ನು ಹೇಸುವಂತೆ ಮಾಡುವುದು, ಹುಳು ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿಮಾಡುವುದು, ಮೊಟ್ಟೆಯಿಡುವುದನ್ನೂ ತಗ್ಗಿಸುವುದು. ಫಲ ಕಾಣುವುದಕ್ಕೆ ಕೆಲವು ದಿನಗಳಾದರೂ ಬೇಕು. ೧೯೫೯ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಗಳ ದಂಡು ಬಂದು ಹಸುರನ್ನೆಲ್ಲ ತಿಂದುಹಾಕಿದಾಗ, ಬೇವಿನ ಮರಗಳು ಮಾತ್ರ ಉಳಿದುದನ್ನು ಹೈನ್ರಿಕ್ ಷ್ಮುಟ್ಟರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞರು ಗಮನಿಸಿದರು. ೧೯೬೨ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಬೇವಿನ ತಿರುಳನ್ನು ಅರೆದು ನೀರಿನಲ್ಲಿ ಕದಡಿ ಪೈರಿಗೆ ಸಿಂಪಡಿಸಿದರೆ ಮಿಡತೆಗಳು ಅದನ್ನು ಮುಟ್ಟದಿರುವುದನ್ನು ತೋರಿಸಿಕೊಟ್ಟರು. ೧೯೬೮ರಲ್ಲಿ ಇಂಗ್ಲೆಂಡಿನಲ್ಲಿ ಆ ತಿರುಳಿನ ಮುಖ್ಯವಸ್ತುವನ್ನು ಬೇರ್ಪಡಿಸಿ ಅಜಾಡಿರಾಕ್ಟಿನ್ ಎಂದು ಹೆಸರಿಟ್ಟರು. ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ಕಟ್ಟುವುದಕ್ಕೆ ಕೇಂಬ್ರಿಜ್ಜಿನ ರಸಾಯನಶಾಸ್ತ್ರಜ್ಞರಿಗೆ ೨೨ ವರ್ಷಗಳು ಹಿಡಿದುವು; ೨೦೦೭ರಲ್ಲಿ ಆ ಕಾರ್ಯವು ಕೈಗೂಡಿತು. ಅಷ್ಟು ಪ್ರಯಾಸದ ವಸ್ತುವನ್ನು ನಮ್ಮ ಮರವು ಪ್ರತಿವರ್ಷವೂ ಅಂಗಳಕ್ಕೆ ಸುರಿಯುತ್ತಿರುವುದು. ನಾವು ಅದನ್ನು ಗುಡಿಸಿ ಬೀದಿಗೆ ಹಾಕುತ್ತಿರುವೆವು.

ಇದರ ಬೆಲೆಯನ್ನು ಪರದೇಶದವರು ಅರಿಯದೆ ಇಲ್ಲ. ಬೇವಿನ ಎಣ್ಣೆಯಿಂದ ಬೂಷ್ಟುರೋಗವನ್ನು ತಡೆಯುವ ಒಂದು ಕ್ರಮಕ್ಕೆ ಯೂರೋಪಿನ ಪೇಟೆಂಟ್ ಕಚೇರಿಯು ೧೯೯೪ರಲ್ಲಿ ಹಕ್ಕುಪತ್ರವನ್ನು ಕೊಟ್ಟಿತು. ಇದು ಭಾರತದಲ್ಲಿ ಮೊದಲೇ ತಿಳಿದಿದ್ದ ವಿದ್ಯೆಯೆಂದು ಆಕ್ಷೇಪಣೆ ಹೂಡಲಾಗಿ, ೨೦೦೦ದಲ್ಲಿ ಆ ಹಕ್ಕು ರದ್ದಾಯಿತು; ಮೇಲ್ಮನವಿಯೂ ೨೦೦೫ರಲ್ಲಿ ವಜಾ ಆಯಿತು. ನ್ಯಾಯಸ್ಥಾನದಲ್ಲಿ ಗೆದ್ದ ವಿದ್ಯೆಯು ಮನೆಗಳಲ್ಲಿ ಮರೆತುಹೋದರೆ ಆ ಗೆಲುವಿನಿಂದ ಏನು ಫಲ?

ತಿರುಳು ತೆಗೆದ ಮೇಲೆ ಉಳಿಯುವುದೂ ವ್ಯರ್ಥವಲ್ಲ. ಹಿಂಡಿದ ಚರಟವನ್ನು ಗುಲಾಬಿ, ಮಲ್ಲಿಗೆ, ಕರಿಬೇವುಗಳ ಬುಡದ ಮಣ್ಣಿನಲ್ಲಿ ಬೆರಸಿದರೆ ಗೊಬ್ಬರವೂ ಆಗುವುದು, ಬೇರಿಗೆ ಗಂಟುಕಟ್ಟಿಸುವ ಜಂತುಹುಳುವಿನ ಬಾಧೆಯೂ ತಗ್ಗುವುದು. ಎಣ್ಣೆ ತೆಗೆದ ಬೇವಿನ ಹಿಂಡಿಯನ್ನು ರೈತರು ಹೊಲಕ್ಕೆ ಹಾಕುವುದು ಈ ಕಾರಣದಿಂದಲೇ. ಮಣ್ಣಿನಲ್ಲಿ ಸಾರಜನಕವು ಬೇಗ ಕಳೆದುಹೋಗದಂತೆ ತಡೆಯುವ ಗುಣವೂ ಬೇವಿಗಿದೆ. ಭಾರತ ಸರ್ಕಾರವು ೨೦೧೫ರಲ್ಲಿ ಯೂರಿಯಾ ಗೊಬ್ಬರಕ್ಕೆ ಬೇವಿನ ಎಣ್ಣೆಯ ಲೇಪವನ್ನು ಕಡ್ಡಾಯಮಾಡಿದುದಕ್ಕೆ ಇದೊಂದು ಕಾರಣ. ಸಿಪ್ಪೆ ಲೋಳೆಗಳನ್ನು ಗೊಬ್ಬರದ ಗುಂಡಿಗೆ ಹಾಕುವಾಗ ಅದರ ಮೇಲೆ ಒಣಗಿದ ಎಲೆ, ಅದರ ಮೇಲೆ ಒಂದು ಬುಟ್ಟಿ ಮಣ್ಣು, ಹೀಗೆ ಪದರ ಪದರವಾಗಿ ಮುಚ್ಚಿದರೆ ನೊಣದ ಕಾಟವಿರುವುದಿಲ್ಲ.

ಇನ್ನು ಬಹು ಮುಖ್ಯವಾದ ಎಚ್ಚರಿಕೆ. ಬೇವು ಔಷಧಿಯ ಮರವೆಂಬ ಗೌರವದಿಂದ ನಮ್ಮಲ್ಲಿ ಅದರ ಎಲ್ಲ ಭಾಗಗಳನ್ನೂ ಎಲ್ಲರಿಗೂ ಕೊಡಬಹುದೆಂಬ ಭಾವನೆಯುಂಟು. ಬೀಜದ ವಿಷಯದಲ್ಲಿ ಇದು ಸರಿಯಲ್ಲ. ಕೆಮ್ಮು ನೆಗಡಿಗಳಿಗೆಂದು ಬೇವಿನ ಎಣ್ಣೆಯನ್ನು ಕುಡಿಸಿದ ಎಳೆಯ ಮಕ್ಕಳಲ್ಲಿ ವಾಂತಿ, ಮಂಪರು, ಉಸಿರಿನ ಕಷ್ಟ, ಸೆಳವು ಇವು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾದುದನ್ನು ೧೯೮೧ರಲ್ಲಿ ಮಲೇಷ್ಯದ ವೈದ್ಯರು ವರದಿಮಾಡಿದರು. ಅಂತಹ ಪ್ರಸಂಗಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಆದುದರಿಂದ ಬೀಜವನ್ನಾಗಲಿ ಎಣ್ಣೆಯನ್ನಾಗಲಿ ಮಕ್ಕಳಿಗೂ ಗರ್ಭಿಣಿಯರಿಗೂ ಎಂದಿಗೂ ಹೊಟ್ಟೆಗೆ ಕೊಡಬಾರದು. ಅಜ್ಜಿಯರು ಹೇಳಿದರೂ ಕೊಡಬಾರದು; ಹೇಳುವ ಅಜ್ಜಿಯವರಿಗೆ ಈ ಮಾತನ್ನು ವಿನಯದಿಂದ ಓದಿ ಹೇಳಿರಿ. ಮಾಡಿಟ್ಟ ಕಷಾಯವು ಹಾಲಿನಂತೆ ಕಾಣುವುದರಿಂದ ಅದನ್ನು ಲೋಟ, ಚೊಂಬು, ಕುಡಿಯುವ ನೀರಿನ ಶೀಸೆ ಇವುಗಳಲ್ಲಿ ಇಡಲೇಬಾರದು. ಮಗು ಅಕಸ್ಮಾತ್ ಕುಡಿದರೆ ಮನೆಯ ಮದ್ದಿಗೆ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು.

ಮಕ್ಕಳು ಮರದಡಿಯಲ್ಲಿ ಆಡುವಾಗ ಸಿಹಿಯಾಗಿದೆಯೆಂದು ಹಣ್ಣನ್ನು ಚೀಪುವುದುಂಟು. ಬಾವಲಿಗಳೂ ರಾತ್ರಿಯಲ್ಲಿ ಇದೇ ಹಣ್ಣನ್ನು ಚೀಪಿ ಕೆಡಹುವುವು. ೨೦೧೮ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ನಿಪಾ ಜ್ವರವು ತೋರಿದ ಮೇಲೆ, ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂದು ಆರೋಗ್ಯ ಇಲಾಖೆಯವರು ಸಾರಿ ಹೇಳಿರುವರು. ನೆಲದ ಮೇಲಣ ಹಣ್ಣನ್ನು ಬಾಯಿಗಿಡಕೂಡದೆಂದು ಮಕ್ಕಳಿಗೆ ಕಲಿಸಿ, ಆಯ್ದು ಮುಗಿಸಿದ ಮೇಲೆ ಕೈ ತೊಳೆಯಿಸಿರಿ. ಅಲ್ಲದೆ ಹಿತ್ತಿಲಿನಲ್ಲಿರುವುದು ಬೇವೋ ಹುಚ್ಚುಬೇವೋ ಎಂಬುದನ್ನು ಗುರುತಿಸಿಕೊಳ್ಳುವುದೂ ಅಗತ್ಯ. ಬೇವಿನ ಎಲೆಯಲ್ಲಿ ಒಂದೇ ದಂಟಿನ ಎರಡು ಕಡೆಗೂ ಗರಗಸದಂಚಿನ ಎಸಳುಗಳಿರುವುವು. ಹುಚ್ಚುಬೇವಿನಲ್ಲಿ ದಂಟು ಮತ್ತೆ ಕವಲೊಡೆದು ಕವಲಿನ ಮೇಲೆ ಎಸಳುಗಳಿರುವುವು. ಅದರ ಹಣ್ಣು ಗುಂಡಗಿದ್ದು, ಎಲೆಯುದುರಿದ ಮೇಲೂ ಗೊಂಚಲಾಗಿ ಮರದಲ್ಲಿ ನೇತಾಡುತ್ತಿರುವುದು. ಅದು ಮಕ್ಕಳಿಗೂ ದನಕರುಗಳಿಗೂ ವಿಷ. ಅದನ್ನು ಆಯ್ದು ಕೂಡಲೆ ಹೂಳಿಬಿಡಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಮನೆಯವರಿಗೆ ಬೇಕಾಗುವುದು ನಾಲ್ಕೈದು ಸೇರು ಬೀಜ ಮಾತ್ರ. ಮಿಕ್ಕುದನ್ನು ಏನು ಮಾಡುವುದೆಂದರೆ, ಸ್ವಲ್ಪವನ್ನು ಮರದಲ್ಲಿಯೇ ತಿನ್ನುವ ಪಕ್ಷಿಗಳಿಗೆ ಬಿಡಿರಿ. ಪಿಕಳಾರ, ಮೈನಾ, ಕೋಗಿಲೆ, ಕಾಗೆಗಳು ಈ ಕಾಲದಲ್ಲಿ ಬೇವನ್ನೇ ನೆಚ್ಚಿ ಬರುವುವು. ಉಳಿದುದನ್ನು ಆಯ್ದುಕೊಂಡು ಹೋಗುವವರಿದ್ದರೆ ಅವರಿಗೆ ಬಾಗಿಲು ತೆರೆಯಿರಿ. ಬಯಲುಸೀಮೆಯ ಹಳ್ಳಿಗಳಲ್ಲಿ ಬಡ ಹೆಂಗಸರು ಬೇವಿನ ಬೀಜವನ್ನು ಆಯ್ದು ಒಣಗಿಸಿ ಎಣ್ಣೆಯ ಗಿರಣಿಯವರಿಗೆ ಮಾರಿ ನಾಲ್ಕು ಕಾಸು ಸಂಪಾದಿಸುವರು. ಬಿತ್ತನೆಯ ಕಾಲದಲ್ಲಿ ಕೈಯಲ್ಲಿ ದುಡ್ಡಿಲ್ಲದಾಗ ಅದು ಅವರಿಗೆ ಸಣ್ಣ ಆಧಾರವಲ್ಲ. ನಮಗೆ ಕಸವಾದದ್ದು ಮತ್ತೊಬ್ಬರ ಒಲೆಯನ್ನು ಹಚ್ಚುವುದಾದರೆ, ಬೆಳಿಗ್ಗೆ ಒಂದು ಗಳಿಗೆ ಹಿತ್ತಿಲ ಬಾಗಿಲನ್ನು ತೆರೆದಿಡುವುದಕ್ಕೆ ಬೇಸರಪಡಬಾರದು.

ಇನ್ನೂ ಮರವೇ ತೊಂದರೆಯೆಂದು ತೋರಿದವರು ದಾರಿಯ ಮೇಲೆಯೂ ತಾರಸಿಯ ಮೇಲೆಯೂ ಚಾಚಿದ ಕೊಂಬೆಗಳನ್ನು ಮಾತ್ರ, ಹಣ್ಣಿನ ಕಾಲ ಮುಗಿದ ಮೇಲೆ, ತಿಳಿದವರಿಂದ ಸವರಿಸಬಹುದು. ಬುಡಕ್ಕೆ ಕೊಡಲಿಯಿಡುವ ಮೊದಲು, ನಮ್ಮ ರಾಜ್ಯದಲ್ಲಿ ಮರಗಳ ರಕ್ಷಣೆಗೆ ೧೯೭೬ರ ಕಾಯಿದೆಯೊಂದಿರುವುದನ್ನು ನೆನೆದು, ವೃಕ್ಷಾಧಿಕಾರಿಯವರಲ್ಲಿ ವಿಚಾರಿಸತಕ್ಕದ್ದು. ಅದಕ್ಕಿಂತಲೂ ಮೊದಲು ಮನೆಯಲ್ಲಿಯೇ ಒಂದು ಲೆಕ್ಕವನ್ನು ಮಾಡಿನೋಡಿರಿ: ವೈಶಾಖದ ಮಧ್ಯಾಹ್ನ ಆ ಮರದ ನೆರಳಿಲ್ಲದಿದ್ದರೆ ಪಶ್ಚಿಮದ ಕೋಣೆಯಲ್ಲಿ ಕುಳಿತುಕೊಳ್ಳಲಾದೀತೆ? ಇಂದು ಕಡಿದರೆ ಅಷ್ಟು ನೆರಳು ಮತ್ತೆ ಬರುವುದಕ್ಕೆ ಎಷ್ಟು ವರ್ಷ ಕಾಯಬೇಕು, ಕಾಯುವುದಕ್ಕೆ ಮನೆಯ ಹಿರಿಯರಲ್ಲಿ ಎಷ್ಟು ಮಂದಿ ಇದ್ದಾರು?

ಹಣ್ಣು ಉದುರುವ ಕಾಲವು ಹೆಚ್ಚೆಂದರೆ ಐದಾರು ವಾರ. ದಿನಕ್ಕೆ ಅರ್ಧ ಗಂಟೆಯಂತೆ ಮನೆಯವರೆಲ್ಲರೂ ಹಂಚಿಕೊಂಡರೆ ಯಾರಿಗೂ ಭಾರವಾಗದು. ಹಾಸಿದ ಸೀರೆಯನ್ನೆತ್ತುವುದು ದೊಡ್ಡವರಿಗೆ, ಮೊರದಲ್ಲಿ ಆರಿಸುವುದು ಅಜ್ಜಿಯವರಿಗೆ, ಓಟೆಗಳನ್ನು ಚಾಪೆಯ ಮೇಲೆ ಹರಡುವುದು ಮಕ್ಕಳಿಗೆ. ಶ್ರಾವಣದ ಹಬ್ಬಗಳಿಗಾಗಿ ಮನೆಯನ್ನು ಸಾರಿಸಿ ಸುಣ್ಣ ಬಳಿಯುವ ಹೊತ್ತಿಗೆ ಅಂಗಳವೂ ನಿರ್ಮಲವಾಗಿರುವುದು, ಜಗಲಿಯ ತೊಲೆಯಲ್ಲಿ ವರ್ಷಕ್ಕಾಗುವ ಬೀಜದ ಚೀಲವೂ ತೂಗುತ್ತಿರುವುದು.